ಗೇಟಿನಲ್ಲೇ ವಿಚಾರಣೆ ಬೇಡ

ಮಾನ್ಯರೇ,

ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷೆ ಬಂದರೆ ಸಾಕು, ‘ಟೆನ್ಷನ್ ಮಾಡ್ಕೋಬೇಡ’ ಎಂಬ ಉಪದೇಶ ಶುರುವಾಗುತ್ತದೆ. ರಕ್ತಕ್ಕೆ ಸೇರಿದ ಹಾರ್ಮೋನು ಉಪದೇಶಕ್ಕೆ ಇಳಿಯುವುದಿಲ್ಲ, ಅದಕ್ಕೆ ಅದರದೇ ಹೊತ್ತು ಬೇಕು.

ಮೊದಲ ಪ್ರಶ್ನೆಗೇ ಉತ್ತರ ಹೊಳೆಯದಿದ್ದಾಗ ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಂದ ಸೆಕೆಂಡುಗಳಲ್ಲೇ ಅಡ್ರಿನಲಿನ್ ಎಂಬ ಹಾರ್ಮೋನು ಹೊರಡುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಇದು ಕೆಲವೇ ನಿಮಿಷಗಳ ಆಟ. ಒತ್ತಡದ ಇನ್ನೊಂದು ಹಾರ್ಮೋನಾದ ಕಾರ್ಟಿಸಾಲ್ ಹಾಗಲ್ಲ. ಮೆದುಳಿನ ಹೈಪೊಥಲಮಸ್ ಭಾಗದಿಂದ ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಗೆ, ಅಲ್ಲಿಂದ ಅಡ್ರಿನಲ್‌ಗೆ ಸಂದೇಶ ತಲುಪಿ ಅದು ಗರಿಷ್ಠ ಮಟ್ಟಕ್ಕೇರಲು 20ರಿಂದ 30 ನಿಮಿಷ ಬೇಕು. ಅರ್ಧಕ್ಕಿಳಿಯಲು ಮತ್ತೆ ಒಂದು, ಒಂದೂವರೆ ಗಂಟೆ. ನೆನಪಿಗೆ ಬೇಕಾದ ಮೆದುಳಿನ ಭಾಗ ಹಿಪೊಕ್ಯಾಂಪಸ್‌ನಲ್ಲಿ ಕಾರ್ಟಿಸಾಲ್‌ನ ಸಂದೇಶ ಹಿಡಿಯುವ ಗ್ರಾಹಕಗಳು ದಟ್ಟವಾಗಿವೆ. ಹಾಗಾಗಿ ಓದಿದ್ದು ಅಳಿಸಿಹೋಗದಿದ್ದರೂ ಆ ಹೊತ್ತಿಗೆ ನೆನಪಿಗೆ ಬರುವುದಿಲ್ಲ. ಯೋಚಿಸಿ ಮಾತಾಡಿಸುವ ಮುಮ್ಮೆದುಳಿನ ಹಿಡಿತವೂ ಆಗ ಸಡಿಲ. ಪರೀಕ್ಷೆ ಮುಗಿಸಿ ಬಂದ ಮಗುವಿನಿಂದ ಗೇಟಿನಲ್ಲೇ ಪ್ರಶ್ನೆಪತ್ರಿಕೆ ಇಸಿದುಕೊಂಡು ‘ಎರಡು ಮಾರ್ಕ್ಸಿಂದು ಯಾಕೆ ಬಿಟ್ಟೆ?’ ಎಂದರೆ ಇಳಿಯುತ್ತಿದ್ದ ಕಾರ್ಟಿಸಾಲ್ ಮತ್ತೆ ಏರುತ್ತದೆ. ಮಗು ರೇಗುತ್ತದೆ, ನಾವು ಅದನ್ನು ‘ಎದುರುತ್ತರ’ ಎನ್ನುತ್ತೇವೆ. ಊಟ ಆಗಲಿ, ಒಂದೆರಡು ಗಂಟೆ ಕಳೆಯಲಿ, ಆಮೇಲೆ ಕೇಳಿ. ಕೇಳದಿದ್ದರೆ ಇನ್ನೂ ಒಳ್ಳೆಯದು.

ಪರೀಕ್ಷಾ ಕೊಠಡಿಯಲ್ಲಿ ಮಾಡಬಹುದಾದದ್ದು ಇಷ್ಟು: ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರೆಳೆದು, ಆರು ಎಣಿಸುವಷ್ಟು ಹೊತ್ತು ಬಿಡುವುದು, ಅಂದರೆ ನಿಮಿಷಕ್ಕೆ ಆರು ಉಸಿರು. ಎರಡು ಮೂರು ನಿಮಿಷ ಸಾಕು. ಇದರಿಂದ ಕಾರ್ಟಿಸಾಲ್ ತಕ್ಷಣ ಇಳಿಯದು, ಎದೆಬಡಿತ ತಗ್ಗುತ್ತದೆ. ಅನೇಕರು ‘ದೀರ್ಘ ಉಸಿರು’ ಎಂದು ಜೋರಾಗಿ, ಬೇಗ ಬೇಗ ಎಳೆಯುತ್ತಾರೆ. ಆಗ ರಕ್ತದ ಕಾರ್ಬನ್ ಡೈಆಕ್ಸೈಡ್ ಕುಸಿದು ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ, ಗಾಬರಿ ಇಮ್ಮಡಿಯಾಗುತ್ತದೆ.

ಇನ್ನೊಂದು ಮಾತು. ಹಾರ್ಮೋನು ಭಾವನೆಯ ಬಿಸಿಯನ್ನು ಏರಿಸುತ್ತದೆಯೇ ಹೊರತು ಅದು ಯಾವ ಭಾವನೆ ಎಂದು ಹೇಳುವುದಿಲ್ಲ. ಭಯಕ್ಕೂ ಸಿಟ್ಟಿಗೂ ಎದೆ ಬಡಿಯುವುದು ಹೆಚ್ಚುಕಡಿಮೆ ಒಂದೇ ಥರ. ಎಲ್ಲಕ್ಕೂ ‘ಟೆನ್ಷನ್’ ಎಂದುಬಿಟ್ಟರೆ ಪರಿಹಾರ ಸಿಗುವುದಿಲ್ಲ. ಗಣಿತದ ಭಯವಾದರೆ ನಾಲ್ಕು ಲೆಕ್ಕ ಮಾಡಿಸಬೇಕು. ‘ಅಪ್ಪನಿಗೆ ಏನು ಹೇಳಲಿ’ ಎಂಬ ಭಯವಾದರೆ ಅಪ್ಪನೇ ಕೂತು ಮಾತಾಡಬೇಕು. ಗೆಳತಿಗಿಂತ ಹಿಂದೆ ಬಿದ್ದ ನಾಚಿಕೆಗೆ ಮದ್ದು ಬೇರೆಯೇ.

ಈಚೆಗೆ ಮಕ್ಕಳಿಗೆ ಕಾರ್ಟಿಸಾಲ್ ಪರೀಕ್ಷೆ ಮಾಡಿಸುವವರೂ ಇದ್ದಾರೆ. ದುಡ್ಡು ದಂಡ. ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ಏರಿ ನಡುರಾತ್ರಿಯ ಹೊತ್ತಿಗೆ ತಳ ಸೇರುವ ಹಾರ್ಮೋನಿನ ಒಂದು ಅಂಕಿಯಿಂದ ಮನಸ್ಸು ತಿಳಿಯುವುದಿಲ್ಲ. ಆ ಪರೀಕ್ಷೆ ಇರುವುದು ಕಾರ್ಟಿಸಾಲ್ ವಿಪರೀತ ಹೆಚ್ಚುವ ಕುಶಿಂಗ್, ತೀರಾ ಕಡಿಮೆಯಾಗುವ ಅಡಿಸನ್‌ನಂಥ ಕಾಯಿಲೆಗಳಿಗೆ. ‘ಕಾರ್ಟಿಸಾಲ್ ಇಳಿಸುತ್ತದೆ’ ಎಂದು ಮಾರುವ ಅಶ್ವಗಂಧದ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ಕೊಡಬೇಡಿ, ಕೆಲವರಲ್ಲಿ ಅದು ಯಕೃತ್ತಿಗೆ ತೊಂದರೆ ಮಾಡಿದೆ. ನಿದ್ದೆ, ಊಟ ಎರಡು ವಾರ ಕೆಟ್ಟರೆ ವೈದ್ಯರ ಬಳಿ ಕರೆದೊಯ್ಯಿರಿ. ಸಾಯುವ ಮಾತು ಬಂದರೆ ಒಂದು ದಿನವೂ ಕಾಯದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಪ್ರವೇಶಪತ್ರದ ಹಿಂಬದಿಯಲ್ಲಿ ಈ ಸಂಖ್ಯೆಯನ್ನೂ ಉಸಿರಾಟದ ಎರಡು ಸಾಲನ್ನೂ ಮುದ್ರಿಸುವ ಬಗ್ಗೆ ಪರೀಕ್ಷಾ ಮಂಡಳಿ ಯೋಚಿಸಲಿ.

–ಆಪ್ತಸಮಾಲೋಚಕಿ, ಧಾರವಾಡ