ಬರೀ ಹುಟ್ಟಿದ ತಾರೀಖು ಎಂದು ಬರೆದೆಯಲ್ಲ

ಎಡಿಸನ್, ನ್ಯೂಜೆರ್ಸಿ

ಪ್ರೀತಿಯ ಪುಟ್ಟೀ,

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಅಮ್ಮನ ಮಂಡಿನೋವು, ಮನೆಯ ರಿಪೇರಿ, ಎಲ್ಲವನ್ನೂ ಓದಿದೆ. ಅವಕ್ಕೆಲ್ಲ ಫೋನಿನಲ್ಲಿ ಉತ್ತರ ಹೇಳುತ್ತೇನೆ. ಮೂರನೆಯ ಪುಟದಲ್ಲಿ ನೀನು ಬರೆದ ಒಂದು ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ. 'ಅತ್ತೆ, ಇನ್ನು ಮೇಲೆ ಈ ಊರಿನಲ್ಲಿ ನಾನು ಬರೀ ಒಂದು ಹುಟ್ಟಿದ ತಾರೀಖು.' ನಿನ್ನೆ ರಾತ್ರಿ ಎದ್ದು ದೀಪ ಹಾಕಿ ಮತ್ತೆ ಓದಿದೆ.

ಈ ದೇಶದಲ್ಲಿ ಯಾವ ಕ್ಲಿನಿಕ್ಕಿಗೆ ಫೋನ್ ಮಾಡಿದರೂ ಮೊದಲು ಕೇಳುವುದು ಹೆಸರು, ಆಮೇಲೆ ಹುಟ್ಟಿದ ತಾರೀಖು. ಹನ್ನೆರಡು ವರ್ಷ ಅದನ್ನು ಕೇಳದೆಯೇ ನಿನ್ನನ್ನು ಗುರುತಿಸುತ್ತಿದ್ದ ವೈದ್ಯರು ಈಗ ಕನ್ಸಿಯರ್ಜ್ ಪದ್ಧತಿಗೆ, ಎಂದರೆ ವರ್ಷಕ್ಕಿಷ್ಟು ಶುಲ್ಕ ಕಟ್ಟಿದ ಕೆಲವೇ ರೋಗಿಗಳನ್ನು ನೋಡುವ ಪದ್ಧತಿಗೆ, ಹೋಗುತ್ತಿದ್ದಾರೆ, ಮಾರ್ಚ್ 31ರೊಳಗೆ 2,400 ಡಾಲರ್ ಕಟ್ಟು, ಇಲ್ಲವಾದರೆ ಬೇರೆಯವರನ್ನು ನೋಡಿಕೋ ಎಂದರೆ ಯಾರಿಗಾದರೂ ಕಾಲಡಿಯ ನೆಲ ಸರಿದಂತಾಗುತ್ತದೆ. ನಮಗೂ ಅಂಥದೇ ಕಾಗದ ಬಂದಿತ್ತು, 2013ರಲ್ಲಿ. ಆಗ ನಮ್ಮ ವೈದ್ಯರು ಕೇಳಿದ್ದು ಒಬ್ಬರಿಗೆ 1,650 ಡಾಲರ್. ಇಬ್ಬರಿಗೂ ಕಟ್ಟುವುದು ಕಷ್ಟವಾಗಿತ್ತು. ಸಕ್ಕರೆ ಕಾಯಿಲೆ ಮಾವನಿಗಿದ್ದದ್ದರಿಂದ ಅವರೊಬ್ಬರಿಗೆ ಕಟ್ಟಿದೆವು.

ಅದರಿಂದ ಏನು ಸಿಕ್ಕಿತು ಎಂದು ಕೇಳಿದ್ದೀಯ. ಕಂಡದ್ದನ್ನು ಹೇಳುತ್ತೇನೆ. ಮೊದಲ ಭೇಟಿ ಒಂದೂವರೆ ಗಂಟೆ ನಡೆಯಿತು. ವೈದ್ಯರು ಮಾವನ ಬೂಟು, ಕಾಲುಚೀಲ ಬಿಚ್ಚಿಸಿ, ತಾವು ಒಂದು ಗಿಡ್ಡ ಸ್ಟೂಲಿನ ಮೇಲೆ ಕುಳಿತು, ಅವರ ಪಾದವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ನೈಲಾನ್ ಎಳೆಯೊಂದರ ತುದಿಯನ್ನು ಅಂಗಾಲಿನ ಅಲ್ಲಲ್ಲಿ ಒತ್ತಿ, 'ಗೊತ್ತಾಗುತ್ತಿದೆಯೇ?' ಎಂದು ಕೇಳುತ್ತಾ ಹೋದರು. ಮಾವ ಕಣ್ಣು ಮುಚ್ಚಿ ಹೌದು, ಹೌದು ಎನ್ನುತ್ತಿದ್ದವರು ಹೆಬ್ಬೆರಳಿನ ಬುಡಕ್ಕೆ ಬಂದಾಗ ಸುಮ್ಮನಾದರು. ಎಳೆ ಬಾಗುವಷ್ಟು ಒತ್ತಿದ್ದರು, ಅವರಿಗೆ ಗೊತ್ತೇ ಆಗಿರಲಿಲ್ಲ. ಕೊನೆಯ ಎರಡು ಬೆರಳುಗಳ ನಡುವೆ ಹುಣ್ಣೊಂದು ಆಗಲೇ ಬೇರೂರಿತ್ತು. ಅದೇ ವೈದ್ಯರು, ಅದೇ ಕೈ, ಪುಟ್ಟೀ. ಅದಕ್ಕೆ ಮೊದಲಿನ ಒಂಬತ್ತು ವರ್ಷ ಹದಿನೈದು ನಿಮಿಷದ ಭೇಟಿಗಳಲ್ಲಿ ಅವರು ಒಮ್ಮೆಯೂ ಆ ಕಾಲುಚೀಲ ಬಿಚ್ಚಿಸಿರಲಿಲ್ಲ. ಅವರು ಕೆಟ್ಟವರಾಗಿರಲಿಲ್ಲ. ಎರಡು ಸಾವಿರಕ್ಕೂ ಹೆಚ್ಚು ರೋಗಿಗಳು ಅವರ ಪಟ್ಟಿಯಲ್ಲಿದ್ದರು. ಇಂಥ ಪದ್ಧತಿಯ ಎಂಡಿವಿಐಪಿ ಸಂಸ್ಥೆ 2000ದಲ್ಲಿ ಫ್ಲಾರಿಡಾದಲ್ಲಿ ಶುರುವಾದಾಗಲೇ ಒಬ್ಬ ವೈದ್ಯರಿಗೆ 600 ರೋಗಿಗಳು ಸಾಕು ಎಂದು ಮಿತಿ ಹಾಕಿತು. ನಮ್ಮವರೂ ಹೆಚ್ಚುಕಡಿಮೆ ಅಷ್ಟಕ್ಕೇ ಇಳಿಸಿಕೊಂಡರು.

ಹಾಗಾದರೆ ಉಳಿದವರು ಎಲ್ಲಿ ಹೋದರು? ದೇವಸ್ಥಾನದ ಅಡುಗೆಮನೆಯಲ್ಲಿ ನನ್ನ ಜೊತೆ ತರಕಾರಿ ಹೆಚ್ಚುತ್ತಿದ್ದ ಗೆಳತಿ ಅದೇ ವೈದ್ಯರ ಬಳಿ ಹೋಗುತ್ತಿದ್ದಳು. ಅವಳಿಗೆ ಕಟ್ಟಲಾಗಲಿಲ್ಲ. ಮಾವನ ಕಾಲು ಉಳಿಯಿತೆಂದು ನಾನು ಅವಳ ಮುಂದೆ ಸಂಭ್ರಮದಿಂದ ಹೇಳಿದೆ. ಅವಳು ಏನೂ ಅನ್ನದೆ ಹುರುಳಿಕಾಯಿಯ ನಾರು ತೆಗೆಯುತ್ತಾ ಕುಳಿತಳು. ಆ ಮೌನ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ನಮ್ಮೂರು ಸಾಗರದಲ್ಲಿ ಆಗ ವೈದ್ಯರು ಮನೆಗೇ ಬರುತ್ತಿದ್ದರು, ಎಲ್ಲರನ್ನೂ ಬಲ್ಲವರಾಗಿದ್ದರು, ಈಗ ದುಡ್ಡು ಕೊಟ್ಟು ಕೊಳ್ಳಬೇಕು ಎಂದು ಬರೆದಿದ್ದೀಯ. ನಾನೂ ಬಹಳ ಕಾಲ ಹಾಗೆಯೇ ಅಂದುಕೊಂಡಿದ್ದೆ. ಬಾಟಲಿಯ ಮೈಮೇಲೆ ಅಂಟಿಸಿದ ಆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ, ಒಂದು ಹಲ್ಲಿಗೆ ಒಂದು ಹೊತ್ತಿನ ಔಷಧ, ಅದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಆದರೆ ಅವರು ಒಳಗೆ ಬಂದು ಕಾಫಿ ಕುಡಿಯುತ್ತಿದ್ದದ್ದು ನಮಗೆ ತೋಟವಿತ್ತೆಂದು. ಅಡಿಕೆ ಕೊನೆ ಕೊಯ್ಯುವಾಗ ಮರದಿಂದ ಬಿದ್ದ ಆಳು ಮಧ್ಯಾಹ್ನದವರೆಗೆ ಅಂಗಳದಲ್ಲಿ ಕಂಬಳಿಯ ಮೇಲೆ ಮಲಗಿದ್ದ. ವೈದ್ಯರು ಅಜ್ಜಿಯ ನಾಡಿ ಹಿಡಿದು, ಕಾಫಿ ಮುಗಿಸಿ, ಆಮೇಲೆ ಅವನತ್ತ ಹೋದರು. ಅವನ ಹೆಸರನ್ನು ಅಪ್ಪನನ್ನು ಕೇಳಿ ತಿಳಿದುಕೊಂಡರು. ಹತ್ತು ವರ್ಷದ ನಾನು ಅದನ್ನೆಲ್ಲ ನೋಡುತ್ತಾ ನಿಂತಿದ್ದೆ, ಅದರಲ್ಲಿ ಏನೂ ತಪ್ಪು ಕಂಡಿರಲಿಲ್ಲ. ನಿನ್ನ ಸಿಯಾಟಲ್‌ನಲ್ಲೇ 1996ರಲ್ಲಿ ಬಾಸ್ಕೆಟ್‌ಬಾಲ್ ತಂಡವೊಂದರ ವೈದ್ಯರಾಗಿದ್ದವರು ಬೆರಳೆಣಿಕೆಯ ಸಿರಿವಂತ ಕುಟುಂಬಗಳಿಗಾಗಿ ಈ ಪದ್ಧತಿ ಶುರು ಮಾಡಿದರು ಎಂದು ಓದಿದಾಗ ನನಗೆ ನೆನಪಾದದ್ದು ಆ ಕಂಬಳಿ.

ಈಗ ನಿನ್ನ ಆ ಮಾತಿಗೆ ಬರುತ್ತೇನೆ. 'ರಾತ್ರಿ ಏನಾದರೂ ಆದರೆ ಯಾರಿಗೆ ಹೇಳಲಿ?' ಎಂದೂ ಬರೆದಿದ್ದೀಯ. ಇದನ್ನು ನಾನು ಯಾರಿಗೂ ಹೇಳಿಲ್ಲ, ನಿನ್ನ ಅಪ್ಪನಿಗೂ. ಮಾವನಿಗೆ ಹೃದಯಾಘಾತವಾದ ರಾತ್ರಿ ಆ ವೈದ್ಯರ ಸ್ವಂತ ಮೊಬೈಲ್ ನಂಬರು ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಇತ್ತು. ಯಾವ ಹೊತ್ತಿನಲ್ಲಾದರೂ ಮಾಡಿ ಎಂದು ಅವರೇ ಬರೆದುಕೊಟ್ಟದ್ದು. ಎರಡು ಗಂಟೆಗೆ ಮಾವ ಎದ್ದು ಕುಳಿತರು. ಬನಿಯನ್ ಬೆವರಿನಿಂದ ತೊಯ್ದಿತ್ತು, ದವಡೆ ಹಿಡಿದಂತಿದೆ ಎಂದರು. ಎದೆನೋವು ಎನ್ನಲಿಲ್ಲ. ಸಕ್ಕರೆ ಕಾಯಿಲೆಯವರಿಗೆ ಅದು ಹೀಗೂ ಬರಬಹುದೆಂದು ಆಮೇಲೆ ತಿಳಿಯಿತು. ನಾನು ಫ್ರಿಜ್ಜಿನ ಮುಂದೆ ಹೋಗಿ ನಿಂತೆ. 'ಬೇಡ ಕಣೇ, ಪಾಪ, ಮಲಗಿರುತ್ತಾರೆ, ಬೆಳಗಾಗಲಿ' ಎಂದರು. ನಾನೂ ಬೆಳಗಾಗಲಿ ಎಂದೆ. ಆರು ಗಂಟೆಯವರೆಗೆ ಬಿಸಿನೀರು ಕೊಡುತ್ತಾ ಬೆನ್ನು ನೀವುತ್ತಾ ಕುಳಿತೆ. ಆಮೇಲಿನ ಎರಡು ವರ್ಷ ಅವರು ಹೇಗಿದ್ದರೆಂದು ನೀನೇ ಬಂದು ನೋಡಿದ್ದೀಯ.

ನಮ್ಮನ್ನು ಬಲ್ಲವರು ಇದ್ದರು. ನಾವು ಅವರನ್ನು ಎಬ್ಬಿಸಲಿಲ್ಲ. ವೈದ್ಯರು ಆಸ್ಪತ್ರೆಗೆ ಬಂದಾಗ ಮೊದಲು ಕೇಳಿದ್ದು 'ಯಾಕೆ ಫೋನ್ ಮಾಡಲಿಲ್ಲ?' ಎಂದು. ನಾನು ಉತ್ತರ ಕೊಡಲಿಲ್ಲ. ಅವರೇ ಮುಂದುವರಿದು, 'ಅಂಥ ಹೊತ್ತಿನಲ್ಲಿ ನನಗೂ ಅಲ್ಲ, ನೇರವಾಗಿ ತುರ್ತು ಸೇವೆಯ 911ಕ್ಕೆ ಮಾಡಬೇಕಿತ್ತು' ಎಂದರು. ಎಷ್ಟೇ ಶುಲ್ಕ ಕಟ್ಟಿದರೂ ಎದೆ, ಉಸಿರು, ಮಾತು ತೊದಲುವುದು, ಇವಕ್ಕೆ 911 ಮಾತ್ರ. ಇದೊಂದನ್ನು ನಾನು ಜೋರಾಗಿಯೇ ಹೇಳುತ್ತೇನೆ.

ಉಳಿದದ್ದನ್ನು ಹೇಳಲು ನನಗೆ ಅಷ್ಟು ಧೈರ್ಯವಿಲ್ಲ. ಕಟ್ಟು ಅಥವಾ ಬೇಡ ಎನ್ನಲು ನಾನು ಯಾರು? ಆ ಶುಲ್ಕವನ್ನು ವಿಮೆ ಕೊಡುವುದಿಲ್ಲ, ನಾಳೆ ಅಮ್ಮನಿಗೆ ಮೆಡಿಕೇರ್, ವಯಸ್ಸಾದವರ ಆ ಸರ್ಕಾರಿ ವಿಮೆ, ಬಂದರೂ ಅದು ಕೊಡುವುದಿಲ್ಲ. ಕಟ್ಟಿದ ಮೇಲೂ ವಿಮೆಯ ಕಂತು ತಪ್ಪದು, ತಜ್ಞರಿಗೆ, ಆಸ್ಪತ್ರೆಗೆ ಬೇರೆಯೇ ತೆರಬೇಕು. ಕಟ್ಟುವುದಾದರೆ, ಅವರು ರಜೆಗೆ ಹೋದಾಗ ಫೋನ್ ಎತ್ತುವವರು ಯಾರು, ನಡುವರ್ಷದಲ್ಲಿ ಬಿಟ್ಟರೆ ಹಣ ಮರಳುತ್ತದೆಯೇ ಎಂದು ಬರಹದಲ್ಲಿ ಕೇಳಿಕೋ. ನಾವು ಕೇಳಿರಲಿಲ್ಲ. ವಿಮೆಯ ಗೊಡವೆಯೇ ಇಲ್ಲದೆ ತಿಂಗಳಿಗಿಷ್ಟು ಎಂದು ತೆಗೆದುಕೊಳ್ಳುವ ವೈದ್ಯರೂ ಇದ್ದಾರೆ, ಅದು ಇನ್ನೂ ಅಗ್ಗವಾಗಬಹುದು, ವಿಚಾರಿಸು.

ನನ್ನ ವಿಷಯ ಹೇಳದಿದ್ದರೆ ನೀನು ಪೂರ್ತಿ ಹೆದರಿಯೇ ಕೂರುತ್ತೀಯೆ. ನನಗೆ ಕಟ್ಟಲಿಲ್ಲವಲ್ಲ, ನಾನೂ ಬರೀ ಹುಟ್ಟಿದ ತಾರೀಖಾದೆ. ಬೇರೊಂದು ಕ್ಲಿನಿಕ್ಕಿನಲ್ಲಿ ಮೂರು ವರ್ಷ ಪ್ರತಿ ಸಲವೂ ಹೊಸ ಮುಖ. ಆಮೇಲೆ ಅದೇ ಕ್ಲಿನಿಕ್ಕಿನಲ್ಲಿ ಒಬ್ಬ ನರ್ಸ್ ಪ್ರಾಕ್ಟೀಷನರ್ ಸಿಕ್ಕಿದರು, ರೋಗಿಯನ್ನು ಪರೀಕ್ಷಿಸಿ ಔಷಧ ಬರೆದುಕೊಡುವಷ್ಟು ಓದಿದ ನರ್ಸ್. ಮೂರು ವಾರ ಕಾಯಬೇಕಾದರೂ ಸರಿ, ಅವರೇ ಆಗಬೇಕು ಎಂದು ಹಟ ಹಿಡಿದೆ. ಈಗ ಏಳು ವರ್ಷವಾಯಿತು. ಹೋದ ತಿಂಗಳು ಬಾಗಿಲು ತೆರೆದವರೇ 'ಬಲಗಾಲು ಎಳೆಯುತ್ತಿದ್ದೀರಿ' ಎಂದರು. ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ. ಪತ್ರಿಕೆಯಿಂದ ಕತ್ತರಿಸಿಟ್ಟ ಒಂದು ಸುದ್ದಿ ನನ್ನ ಬಳಿ ಇದೆ: ನಾರ್ವೆಯಲ್ಲಿ ಹದಿನೈದು ವರ್ಷಕ್ಕೂ ಮೇಲೆ ಒಬ್ಬರೇ ವೈದ್ಯರ ಬಳಿ ಇದ್ದವರಲ್ಲಿ ಸಾವಿನ ಪ್ರಮಾಣ, ವೈದ್ಯರ ಪರಿಚಯವಾಗಿ ಒಂದೇ ವರ್ಷವಾದವರಿಗಿಂತ ಕಾಲು ಭಾಗ ಕಡಿಮೆ ಇತ್ತಂತೆ. ಅಲ್ಲಿ 2001ರಿಂದ ಪ್ರತಿಯೊಬ್ಬರಿಗೂ ತಮ್ಮದೇ ಒಬ್ಬ ವೈದ್ಯರಿರುವ ಏರ್ಪಾಡಿದೆ. ಹಾಗಾಗಿ ಅಲ್ಲಿ ಬೇಕಾದದ್ದು ಇಂಥ ಶುಲ್ಕವಲ್ಲ, ವರ್ಷಗಳು. ನಿನ್ನ ಹನ್ನೆರಡು ವರ್ಷ ಕೈಬಿಟ್ಟು ಹೋಗುತ್ತಿವೆ ಎಂಬ ನೋವು ಸುಳ್ಳಲ್ಲ, ಅದನ್ನು ಸಣ್ಣದೆಂದು ನಾನು ಅನ್ನಲಾರೆ.

ಯಾವುದಕ್ಕೂ ಆ ಕ್ಲಿನಿಕ್ಕಿನಿಂದ ಹಳೆಯ ದಾಖಲೆಗಳನ್ನೆಲ್ಲ ಈಗಲೇ ತರಿಸಿಕೋ. ಆಮೇಲೆ ನಿನ್ನ ಬಗ್ಗೆ ಒಂದೇ ಒಂದು ಹಾಳೆ ಬರೆದಿಟ್ಟುಕೋ, ಯಾವ ಹೊಸಬರ ಕೈಗಾದರೂ ಕೊಡಲಿಕ್ಕೆ. ಭಾನುವಾರ ಫೋನ್ ಮಾಡುತ್ತೇನೆ, ಇಬ್ಬರೂ ಸೇರಿ ಬರೆಯೋಣ. ನಾನು ಈ ದೇಶಕ್ಕೆ ಬರುವ ಹಿಂದಿನ ವರ್ಷ, ನಿನಗೆ ಆರು ತುಂಬಿತ್ತು, ಗಂಟಲು ಬಾತಿತ್ತು. ಪೆನಿಸಿಲಿನ್ ಚುಚ್ಚಿಸಿಕೊಂಡು ಬಂದ ಸಂಜೆ ನಿನ್ನ ಮೈತುಂಬ ದದ್ದೆದ್ದು ತುಟಿ ಊದಿಕೊಂಡಿತು. ರಾತ್ರಿಯಿಡೀ ನನ್ನ ಮಡಿಲಲ್ಲೇ ಇದ್ದೆ. ನಿನಗೆ ಅದು ನೆನಪಿರಲಾರದು, ನಿನ್ನ ವೈದ್ಯರಿಗೂ ನೀನು ಹೇಳಿರಲಾರೆ. ಮೊದಲ ಸಾಲು ಅದನ್ನೇ ಬರೆ.

ನಿನ್ನ
ಅತ್ತೆ