ಏಪ್ರಿಲ್ 1ರಿಂದ ಜಪಾನಿ ಕಡತಗಳೆಲ್ಲ ಯುಟಿಎಫ್-8ರಲ್ಲಿ

ಮಾನ್ಯ ಗ್ರಾಹಕರೇ,

ನಮಸ್ಕಾರ. ನಾವು ಅನುವಾದಿಸಿ ಕೊಡುವ ಜಪಾನಿ ಕಡತಗಳು, ಅಂದರೆ ಯಂತ್ರಗಳ ಕೈಪಿಡಿ, ಬಿಡಿಭಾಗಗಳ ಪಟ್ಟಿ, ಸಿಬ್ಬಂದಿಯ ಹೆಸರುಪಟ್ಟಿ ಎಲ್ಲವೂ ಬರುವ ಏಪ್ರಿಲ್ 1ರಿಂದ ಯುಟಿಎಫ್-8 ಸಂಕೇತದಲ್ಲಿ ಮಾತ್ರ ಇರುತ್ತವೆ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಡುವ ಮಾನಕ ಯುನಿಕೋಡ್, ಆ ಸಂಖ್ಯೆಗಳನ್ನು ಕಡತದಲ್ಲಿ ಬರೆದಿಡುವ ಕ್ರಮವೇ ಯುಟಿಎಫ್-8. ಇದುವರೆಗೆ ಜೊತೆಯಲ್ಲಿ ಕಳುಹಿಸುತ್ತಿದ್ದ, ಜಪಾನಿಗೆಂದೇ ಇರುವ ಹಳೆಯ ಸಂಕೇತವಾದ ಶಿಫ್ಟ್ ಜಿಸ್‌ನ ಪ್ರತಿಯನ್ನು ನಿಲ್ಲಿಸುತ್ತೇವೆ. ದರ, ಗಡುವು ಹಿಂದಿನಂತೆಯೇ.

ಶಿಫ್ಟ್ ಜಿಸ್ ಬಗ್ಗೆ ನಮಗೆ ಗೌರವವಿದೆ. ಜಪಾನ್ 1978ರಲ್ಲಿ ರೂಪಿಸಿದ ಮಾನಕ 94 ಸಾಲು, 94 ಕಂಬಗಳ ಚೌಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಕಾಂಜಿಗಳಿಗೆ, ಅಂದರೆ ಜಪಾನಿಯಲ್ಲಿ ಬಳಸುವ ಚೀನೀ ಮೂಲದ ಅಕ್ಷರಗಳಿಗೆ, ಜಾಗ ಕೊಟ್ಟಿತು. ಅವನ್ನು ಇಂಗ್ಲಿಷ್ ಅಕ್ಷರಗಳ ಜೊತೆ, ಹಳೆಯ ಅರ್ಧ ಅಗಲದ ಕತಕಾನಾ (ಉಚ್ಚಾರವನ್ನು ಸೂಚಿಸುವ ಜಪಾನಿ ಲಿಪಿ) ಜೊತೆ ಒಂದೇ ಕಡತದಲ್ಲಿ ಹೊಂದಿಸಿದ ಜಾಣ ಉಪಾಯವೇ ಶಿಫ್ಟ್ ಜಿಸ್. ಕಾಂಜಿಯೊಂದಕ್ಕೆ ಎರಡೇ ಬೈಟ್ (ಗಣಕದಲ್ಲಿ ಜಾಗದ ಅಳತೆ) ಸಾಕು. ಆದರೆ ಅದರ ಎರಡನೆಯ ಬೈಟ್ ಕೆಲವೊಮ್ಮೆ, ಗಣಕದ ಹದಿನಾರರ ಎಣಿಕೆಯಲ್ಲಿ, 5ಸಿ ಎಂಬ ಸಂಖ್ಯೆ ಆಗಿರುತ್ತದೆ. ಇಂಗ್ಲಿಷ್ ಸಂಕೇತದಲ್ಲಿ ಅದು ಹಿಂದಕ್ಕೆ ಬಾಗಿದ ಗೆರೆಯ ಸಂಖ್ಯೆ. ಜಪಾನಿ ತಿಳಿಯದ ತಂತ್ರಾಂಶ ಅದನ್ನು ಆದೇಶವೆಂದು ತಿಳಿದು ನುಂಗಿಬಿಡುತ್ತದೆ, ಮುಂದಿನ ಅಕ್ಷರಗಳೂ ಕೆಡುತ್ತವೆ. ಕತಕಾನಾದ ‘ಸೊ’ ಹೀಗೆ ಸಿಕ್ಕಿಬೀಳುವ ಅಕ್ಷರ. ಕೋಷ್ಟಕ ಎಂಬ ಅರ್ಥದ ಕಾಂಜಿಯೂ ಅಷ್ಟೇ, ಬಿಡಿಭಾಗಗಳ ಪಟ್ಟಿಯಲ್ಲಿ ಅದಿಲ್ಲದೆ ಕೆಲಸವೇ ನಡೆಯುವುದಿಲ್ಲ.

ನಮಗೆ ಇದಕ್ಕಿಂತ ಮುಖ್ಯವಾದದ್ದು ಮನುಷ್ಯರ ಹೆಸರು. ಯೋಶಿದಾ ಮನೆತನಗಳಲ್ಲಿ ಕೆಲವರು ‘ಯೋಶಿ’ಯ ಮೇಲಿನ ಗೆರೆಯನ್ನು ಗಿಡ್ಡವಾಗಿ, ಕೆಳಗಿನದನ್ನು ಉದ್ದವಾಗಿ ಬರೆಯುತ್ತಾರೆ. ಶಿಫ್ಟ್ ಜಿಸ್‌ನಲ್ಲಿ ಆ ರೂಪವೇ ಇಲ್ಲ. ತಕಾಹಾಶಿ ಎಂಬ ಹೆಸರಿನ ಏಣಿಯಾಕಾರದ ‘ತಕಾ’ ವಿಂಡೋಸ್‌ನ ವಿಸ್ತೃತ ಆವೃತ್ತಿಯಲ್ಲಿದೆ, ಮೂಲ ಮಾನಕದಲ್ಲಿಲ್ಲ. ಹತ್ತಿರದ ರೂಪವನ್ನು ಹಾಕಿ ಸಾಗಹಾಕಬಹುದು, ಹಲವರು ಹಾಗೆಯೇ ಮಾಡುತ್ತಾರೆ. ಒಬ್ಬರ ಹೆಸರನ್ನು ಅವರು ಬರೆಯುವಂತೆಯೇ ಬರೆಯಬೇಕು ಎಂಬುದು ನಮ್ಮ ನಿಲುವು. ಯುನಿಕೋಡ್‌ನಲ್ಲಿ ಈ ಎರಡಕ್ಕೂ ಸ್ವಂತ ಸಂಖ್ಯೆಯಿದೆ.

ಇನ್ನೊಂದು ಕಾರಣ ಕನ್ನಡ. ಶಿಫ್ಟ್ ಜಿಸ್ ಕಡತದಲ್ಲಿ ಕನ್ನಡಕ್ಕೆ ಒಂದು ಅಕ್ಷರದಷ್ಟೂ ಜಾಗವಿಲ್ಲ. ಯಂತ್ರದ ಪಕ್ಕ ನಿಲ್ಲುವ ಕಾರ್ಮಿಕರಿಗೆ ಎಚ್ಚರಿಕೆಯ ಸೂಚನೆ ಜಪಾನಿಯ ಕೆಳಗೇ ಕನ್ನಡದಲ್ಲೂ ಬೇಕೆಂದು ನಿಮ್ಮಲ್ಲಿ ಅನೇಕರು ಕೇಳುತ್ತಿದ್ದೀರಿ. ಒಂದೇ ಕಡತದಲ್ಲಿ ಅದು ಸಾಧ್ಯವಾಗುವುದು ಯುನಿಕೋಡ್‌ನಿಂದ.

ನಿಮ್ಮ ಕಡೆಯಿಂದ ಕೆಲವು ಸಿದ್ಧತೆ ಬೇಕು. ಯುಟಿಎಫ್-8ರಲ್ಲಿ ಸಾಮಾನ್ಯ ಕಾಂಜಿಗೆ ಮೂರು ಬೈಟ್. ಆದ್ದರಿಂದ ದತ್ತಾಂಶದಲ್ಲಿ ಹೆಸರಿಗೆ 20 ಬೈಟ್ ಎಂದು ಗೊತ್ತುಮಾಡಿದ್ದರೆ, ಹತ್ತು ಕಾಂಜಿ ಹಿಡಿಯುತ್ತಿದ್ದಲ್ಲಿ ಇನ್ನು ಆರೇ ಹಿಡಿಯುತ್ತವೆ. ಅಂಥ ಅಂಕಣಗಳನ್ನು ಈಗಲೇ ಅಗಲಿಸಿ. ಮೇಲೆ ಹೇಳಿದ ‘ಯೋಶಿ’ಗೆ ನಾಲ್ಕು ಬೈಟ್ ಬೇಕು. ಮೈಎಸ್‌ಕ್ಯೂಎಲ್ ಎಂಬ ದತ್ತಾಂಶ ತಂತ್ರಾಂಶ ಬಳಸುವವರು ‘ಯುಟಿಎಫ್8’ ಎಂಬ ಹಳೆಯ ಆಯ್ಕೆಯನ್ನು ಬಿಟ್ಟು ‘ಯುಟಿಎಫ್8ಎಂಬಿ4’ ಆರಿಸಿಕೊಳ್ಳಿ, ಹಳೆಯದು ಮೂರು ಬೈಟ್‌ಗೇ ನಿಲ್ಲುತ್ತದೆ. ಎಕ್ಸೆಲ್‌ನಲ್ಲಿ ತೆರೆಯುವ ಸಿಎಸ್‌ವಿ ಕಡತಗಳ ಆರಂಭದಲ್ಲಿ ಮೂರು ಬೈಟ್‌ನ ಗುರುತೊಂದನ್ನು ನಾವೇ ಸೇರಿಸುತ್ತೇವೆ. ಅದನ್ನು ಅಳಿಸಬೇಡಿ, ಅದಿಲ್ಲದಿದ್ದರೆ ಎಕ್ಸೆಲ್ ಸಂಕೇತವನ್ನು ತಪ್ಪಾಗಿ ಊಹಿಸಬಹುದು.

ಫಾಂಟ್ ವಿಷಯದಲ್ಲೂ ಗಮನವಿರಲಿ. ಚೀನೀ ಮತ್ತು ಜಪಾನಿ ಬರವಣಿಗೆಯಲ್ಲಿ ತುಸು ಬೇರೆಯಾಗಿ ಕಾಣುವ ಅನೇಕ ಅಕ್ಷರಗಳಿಗೆ ಯುನಿಕೋಡ್ ಒಂದೇ ಸಂಖ್ಯೆ ಕೊಟ್ಟಿದೆ. ಮೂಳೆ ಎಂಬ ಅರ್ಥದ ಕಾಂಜಿಯ ಒಳಗಿನ ಪುಟ್ಟ ಮೂಲೆ ಜಪಾನಿ ಫಾಂಟ್‌ನಲ್ಲಿ ಬಲಕ್ಕೆ, ಇಂದಿನ ಚೀನಾದ ಫಾಂಟ್‌ನಲ್ಲಿ ಎಡಕ್ಕೆ ಇರುತ್ತದೆ. ಟೋಕಿಯೋದಿಂದ ಬಂದ ಪರಿಶೀಲಕರ ಕಣ್ಣಿಗೆ ಇದು ತಕ್ಷಣ ಬೀಳುತ್ತದೆ. ಪಿಡಿಎಫ್‌ನಲ್ಲಿ ನಾವೇ ಜಪಾನಿ ಫಾಂಟ್ ಅಡಕ ಮಾಡುತ್ತೇವೆ. ಉಳಿದ ಕಡತಗಳಿಗೆ ನಿಮ್ಮ ಗಣಕದಲ್ಲಿ ಜಪಾನಿ ಫಾಂಟ್ ಆರಿಸಿ.

ಜಪಾನಿನ ಮಾತೃಸಂಸ್ಥೆಯ ಹಳೆಯ ಯಂತ್ರವೊಂದು ಶಿಫ್ಟ್ ಜಿಸ್ ಬಿಟ್ಟು ಬೇರೇನನ್ನೂ ಓದದಿದ್ದರೆ ಮಾರ್ಚ್ 15ರೊಳಗೆ ತಿಳಿಸಿ. ಅಂಥವರಿಗೆ ಪ್ರತ್ಯೇಕ ಪ್ರತಿ ಮಾಡಿ, ಯಾವ ಅಕ್ಷರಗಳನ್ನು ಬದಲಿಸಬೇಕಾಯಿತು ಎಂಬ ಪಟ್ಟಿಯನ್ನೂ ಜೊತೆಗಿಟ್ಟು ಕಳುಹಿಸುತ್ತೇವೆ.

ವಿಶ್ವಾಸದಿಂದ,
ಜಪಾನಿ ಅನುವಾದ ವಿಭಾಗ, ಬೆಂಗಳೂರು