ಜಗಳ ಆದಮೇಲೆ ಮಗಳಿಗೊಂದು ಪತ್ರ

ಪುಟ್ಟೀ,

ಫೋನ್ ಎತ್ತುವುದಿಲ್ಲ, ಮೆಸೇಜ್ ನೋಡಿಯೂ ಉತ್ತರ ಇಲ್ಲ. ಅದಕ್ಕೇ ಮೇಲ್ ಬರೆಯುತ್ತಿದ್ದೇನೆ. ಗಂಡಿನ ಕಡೆಯವರ ವಿಷಯ ಆಮೇಲೆ.

ಅವತ್ತು ನೀನು ಅಮೆರಿಕದ ಆ ಸೋಜರ್ನರ್ ಟ್ರೂತ್ ಹೆಸರೆತ್ತಿದೆ. ನಮ್ಮ ನ್ಯೂ ಪಾಲ್ಟ್ಜ್ ಕಾಲೇಜಿನ ಲೈಬ್ರರಿಗೆ ಅವಳದೇ ಹೆಸರು, ಅಲ್ಲೇ ಸುತ್ತಮುತ್ತ ಗುಲಾಮಳಾಗಿದ್ದವಳು 1826ರಲ್ಲಿ ಹಸುಗೂಸನ್ನು ಎತ್ತಿಕೊಂಡು ಹೊರಟೇಬಿಟ್ಟಳು, ನನಗೆ ಮಾತ್ರ ನನ್ನ ಮದುವೆಗೆ ಬೇಡ ಅನ್ನುವ ಹಕ್ಕೂ ಇಲ್ಲ ಅಂದೆ. ಹುಡುಗನನ್ನು ನೋಡು ಅಂದಿದ್ದಕ್ಕೆ ಗುಲಾಮಗಿರಿಯ ಮಾತಾ? ಸಿಟ್ಟು ಬಂತು. ಆ ಸಿಟ್ಟಲ್ಲೇ ಅವಳ ಬಗ್ಗೆ ಓದೋಕೆ ಕೂತೆ.

1851ರಲ್ಲಿ ಆಕ್ರನ್‌ನಲ್ಲಿ ಹೆಂಗಸರ ಹಕ್ಕಿನ ಬಗ್ಗೆ ಮಾಡಿದ ಭಾಷಣ, ಲಿಂಕನ್ ಭೇಟಿ, 1872ರಲ್ಲಿ ಓಟು ಹಾಕೋಕೆ ಹೋಗಿ ವಾಪಸ್ ಕಳಿಸಿಕೊಂಡದ್ದು, ಎಲ್ಲ ನಿನಗೆ ಗೊತ್ತೇ ಇದೆ. ನಾನು ಅವಳ ಮಗ ಪೀಟರ್ ಹತ್ತಿರವೇ ನಿಂತುಬಿಟ್ಟೆ. ಐದು ವರ್ಷದ ಹುಡುಗನನ್ನು ಕಾನೂನು ಮೀರಿ ದೂರದ ಅಲಬಾಮಾಗೆ ಮಾರಿದ್ದರು. ಓದು ಬರಹ ಬಾರದ ಆ ತಾಯಿ ನ್ಯೂಯಾರ್ಕಿನ ಕಿಂಗ್‌ಸ್ಟನ್ ಕೋರ್ಟಿಗೆ ಅಲೆದು 1828ರಲ್ಲಿ ಗೆದ್ದಳು. ಎದುರಿಗೆ ತಂದು ನಿಲ್ಲಿಸಿದರೆ ಮಗ ಇವಳು ನನ್ನ ಅಮ್ಮ ಅಲ್ಲ ಅಂತ ಅತ್ತನಂತೆ. ಅಷ್ಟು ಹೆದರಿಸಿದ್ದರು, ಮೈಯೆಲ್ಲ ಹೊಡೆದ ಗಾಯ.

ಅದೇ ಪೀಟರ್ 1839ರಲ್ಲಿ ತಿಮಿಂಗಿಲ ಹಿಡಿಯುವ ಹಡಗು ಹತ್ತಿದ. ಅಮ್ಮನಿಗೆ ಮೂರು ಕಾಗದ ಸಿಕ್ಕವು. ಎಷ್ಟು ಬರೆದರೂ ನಿನ್ನಿಂದ ಉತ್ತರವೇ ಇಲ್ಲ ಅಂತ ಅವನು ಅದರಲ್ಲಿ ಬರೆದಿದ್ದ. 1841ರ ಆಮೇಲೆ ಸುದ್ದಿಯೇ ಇಲ್ಲ. ಮುಂದಿನ ವರ್ಷ ಹಡಗು ಬಂತು, ಅವನು ಬರಲಿಲ್ಲ. ಕಾಗದ ಬಂದರೆ ಓದಿಸಿಕೊಳ್ಳೋಕೆ, ಉತ್ತರ ಬರೆಸೋಕೆ ಇನ್ನೊಬ್ಬರನ್ನು ಕಾಯಬೇಕಿತ್ತು ಅವಳು. 1843ರಲ್ಲಿ ಇಸಬೆಲ್ಲಾ ಅನ್ನೋ ಹೆಸರು ಬಿಟ್ಟು, ಸೋಜರ್ನರ್ ಟ್ರೂತ್ ಅಂತ ಇಟ್ಟುಕೊಂಡು, ಊರೂರು ಸುತ್ತಿ ದೇವರ ಮಾತು ಹೇಳೋಕೆ ಹೊರಟಳು. ಹೋದ ಊರಲ್ಲೆಲ್ಲ ಅವನನ್ನು ಹುಡುಕುತ್ತಿದ್ದಳೇನೋ ಅಂತ ನನಗನ್ನಿಸುತ್ತೆ. ಯಾರೂ ಹಾಗೆ ಬರೆದಿಲ್ಲ ಬಿಡು. ನಿನ್ನ ಫೋನ್ ಒಂದು ದಿನ ಬರದಿದ್ದರೆ ನಾನು ಮತ್ತೆ ಪೀಟರ್ ಹತ್ತಿರ ಹೋಗಿ ಕೂರುತ್ತೇನೆ. ಹೋಲಿಸಬಾರದು, ಗೊತ್ತು. ಈಗ ತಾನೇ ನಿನಗೆ ಬೈದೆ.

ನೀನು ಅಷ್ಟು ದೂರ ಒಬ್ಬಳೇ ಹೋಗಿ ಓದುತ್ತಿರುವುದನ್ನು ಪಕ್ಕದ ಮನೆಯವರಿಗೆಲ್ಲ ಕೊಚ್ಚಿಕೊಳ್ಳೋದೂ ನಾನೇ. ನಿನಗೆ ಹೇಳಲ್ಲ ಅಷ್ಟೇ. ಆದರೆ ಕೇಳು, ಸಿಟ್ಟಿದ್ದರೆ ಬೈದು ಬಿಡು, ಮಾತು ಬಿಡಬೇಡ. ರಾತ್ರಿ ಲೈಬ್ರರಿಯಿಂದ ಒಬ್ಬಳೇ ನಡೆದು ಬರಬೇಡ. ಬ್ರೆಡ್ಡಲ್ಲೇ ದಿನ ತಳ್ಳಬೇಡ. ಶುರುವಾಯ್ತು ಅಮ್ಮನ ಪುರಾಣ ಅಂತೀಯ, ಅನ್ನು.

ಗಂಡಿನ ಕಡೆಯವರಿಗೆ ಬೇಡ ಅಂತ ನಿನ್ನೆಯೇ ಹೇಳಿಯಾಯ್ತು. ಅಪ್ಪನಿಗೆ ಇನ್ನೂ ಹೇಳಿಲ್ಲ. ಭಾನುವಾರ ಫೋನ್ ಮಾಡಿ ನೀನೇ ಹೇಳು, ನಾನು ಪಕ್ಕದಲ್ಲೇ ಇರುತ್ತೇನೆ.

ಅಮ್ಮ